ಗೋಕರ್ಣ

ಈಗ ಈ ಹೆಸರು ಕೇಳಿದರೆ ಬೆಂಗಳೂರಿನ ಹುಡುಗರಿಗೆ ಶುಕ್ರವಾರದ ರಾತ್ರಿ ಬಸ್ಸು, ಓಂ ಬೀಚು ನೆನಪಾಗುತ್ತವೆ. ಪದದ ಅರ್ಥ ಹಸುವಿನ ಕಿವಿ. ಗೋರೂಪದ ಭೂಮಿಯ ಕಿವಿಯಿಂದ ಶಿವ ಹೊರಬಂದನೆಂದು ಸ್ಥಳಪುರಾಣ. ಗಂಗಾವಳಿ, ಅಘನಾಶಿನಿಗಳ ನಡುವಿನ ನೆಲ ಕಿವಿಯಂತಿದೆ ಎನ್ನುವವರೂ ಇದ್ದಾರೆ. ನನಗೆ ಹಿಡಿಸಿದ್ದು ಬೇರೆ ಬಳಕೆ. ಆಚಮನಕ್ಕೆ ಅಂಗೈ ಬಗ್ಗಿಸಿ, ಉದ್ದಿನ ಕಾಳು ಮುಳುಗುವಷ್ಟೇ ನೀರು ಹಿಡಿಯುತ್ತಾರಲ್ಲ, ಆ ಕೈ ಗೋಕರ್ಣಾಕಾರ. ಹೆಬ್ಬೆರಳಿನಿಂದ ಉಂಗುರಬೆರಳಿನ ತುದಿವರೆಗಿನ ಅಳತೆಯನ್ನೂ ಅಮರಕೋಶ ಗೋಕರ್ಣವೆಂದೇ ಕರೆಯುತ್ತದೆ. ಊರಂತೂ ಹಳೆಯದು: ಕಾಳಿದಾಸನ ರಘುವಂಶದಲ್ಲಿ ನಾರದ ವೀಣೆ ಹಿಡಿದು ಹೊರಟದ್ದು ದಕ್ಷಿಣ ಕಡಲ ದಡದ ಗೋಕರ್ಣೇಶ್ವರನೆಡೆಗೆ. ಕುಡ್ಲೆ ತೀರದ ಗುಡಿಸಲುಗಳಿಗೆ ವಿದೇಶಿಯರು ಬಂದದ್ದು ಬಹಳ ತಡವಾಗಿ.