ಹುಳಿ ಮರಕ್ಕೆ ಸಿಹಿ ಕೊಂಬೆ



ನಿಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ತಾನಾಗಿ ಹುಟ್ಟಿದ ಮಾವಿನ ಮರವೊಂದಿದೆಯೇ? ನೆರಳು ತಂಪು, ಕಾಯಿ ಮಾತ್ರ ಹಲ್ಲು ಚಳಿಯುವಷ್ಟು ಹುಳಿ. "ಕಡಿಸಿಬಿಡೋಣ, ಪಾರ್ಕಿಂಗಿಗಾದರೂ ಜಾಗವಾಗುತ್ತೆ" ಎಂಬ ಮಾತು ಮೀಟಿಂಗಿನಲ್ಲಿ ಬಂದಿರಲೂಬಹುದು. ಕೊಡಲಿ ಎತ್ತುವ ಮುನ್ನ ಈ ಹಳೆಯ ಕಥೆ ಕೇಳಿ.

1586ರಲ್ಲಿ ಅಕ್ಬರನ ಸೈನ್ಯ ಕಾಶ್ಮೀರವನ್ನು ಗೆದ್ದಿತು. ಅದಕ್ಕೆ ಮೊದಲು ಅಲ್ಲಿ ಸಿಹಿ ಚೆರ್ರಿ ಇರಲಿಲ್ಲ ಎಂದು ಮಗ ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮಹಮ್ಮದ್ ಕುಲಿ ಅಫ್ಶಾರ್ ಎಂಬಾತ ಕಾಬೂಲಿನಿಂದ ಅದನ್ನು ತಂದು ಕಸಿ ಕಟ್ಟಿ ಬೆಳೆಸಿದನಂತೆ. ಬೇರು ಒಂದು ಮರದ್ದು, ಹಣ್ಣು ಇನ್ನೊಂದರದ್ದು!

ಇದು ಬರೀ ಅರಮನೆಯ ಶೋಕಿಯಲ್ಲ. ನಮ್ಮ ಹೆಚ್ಚಿನ ಮಾವಿನ ತಳಿಗಳ ವಾಟೆ ನೆಟ್ಟರೆ ತಾಯಿಯ ರುಚಿ ಬರುವ ಭರವಸೆಯಿಲ್ಲ. ಹೈದರಾಬಾದಿನ ಹಿಮಾಯತ್ ಆಗಲಿ, 2017ರಲ್ಲಿ ಭೌಗೋಳಿಕ ಗುರುತು ಪಡೆದ ಬಂಗನಪಲ್ಲಿ, ಅಂದರೆ ನಮ್ಮ ಬೇನಿಶಾನ್ ಆಗಲಿ, ಕೊಂಬೆಯಿಂದ ಕೊಂಬೆಗೆ ದಾಟಿ ಬಂದವು. ಕಟ್ಟುವ ಕೈ ನಿಂತರೆ ಆ ರುಚಿಯೇ ಹೋಯಿತು. ಮಲೆನಾಡಿನವರು ಅಪ್ಪೆಮಿಡಿಯನ್ನು ಕಸಿ ಕಟ್ಟಿ ಉಳಿಸಿಕೊಳ್ಳುತ್ತಿರುವುದೂ ಇದಕ್ಕೇ.

ಪಕ್ಕದ ಸಂಗಾರೆಡ್ಡಿಯ ಹಣ್ಣು ಸಂಶೋಧನಾ ಕೇಂದ್ರ ರುಮಾನಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ಹೊಸ ಮಾವು ಕೊಟ್ಟಿತು. ಹೆಸರು ಮಂಜೀರಾ. ಬೀದರಿನ ಮೇಲೆ ಹರಿದು ಬಂದು ಈ ನಗರಕ್ಕೆ ಕುಡಿಯುವ ನೀರು ಕೊಡುವ ನದಿಯ ಹೆಸರೂ ಅದೇ. ಮಲಿಹಾಬಾದಿನ ಕಲೀಮುಲ್ಲಾ ಖಾನ್ ಅವರಂತೂ ಒಂದೇ ಮರದಲ್ಲಿ 300ಕ್ಕೂ ಹೆಚ್ಚು ತಳಿ ಕಟ್ಟಿ, 2008ರಲ್ಲಿ ಪದ್ಮಶ್ರೀ ಪಡೆದರು.

ನಿಮ್ಮ ಮರಕ್ಕೂ ಇದು ಸಾಧ್ಯ. ದಪ್ಪ ಕೊಂಬೆಗಳನ್ನು ಸವರಿಸಿ, ಒಂದೆರಡನ್ನು ಮರದ ಊಟಕ್ಕೆ ಉಳಿಸಿ. ಹೊಸ ಚಿಗುರು ಬಲಿತ ಮೇಲೆ, ಮಳೆಗಾಲದ ತೇವದಲ್ಲಿ, ಒಳ್ಳೆಯ ತಳಿಯ ಕುಡಿ ತಂದು ತೊಗಟೆಯ ಕೆಳಗಿನ ಹಸಿ ಪದರಕ್ಕೆ ಪದರ ಕೂಡುವಂತೆ ಬಿಗಿಯಾಗಿ ಕಟ್ಟಿಸಿ. ನರ್ಸರಿಯ ಅನುಭವಿ ಮಾಲಿ ಇದ್ದರೆ ಒಳ್ಳೆಯದು. ಕಸಿಯ ಕೆಳಗೆ ಒಡೆಯುವ ಚಿಗುರನ್ನು ಮರೆಯದೆ ಚಿವುಟಿ. ಬಿಟ್ಟರೆ ಹುಳಿಯೇ ಗೆಲ್ಲುತ್ತದೆ. ಕೆಲವು ವರ್ಷ ಕಾಯಬೇಕು, ಅಷ್ಟೇ.

ಬೇರು ಅಲ್ಲಿಯದು, ಬಾಳು ಇಲ್ಲಿಯದು ಎಂಬುದು ಹೈದರಾಬಾದಿನ ಕನ್ನಡಿಗರಿಗೆ ಹೊಸತಲ್ಲವಲ್ಲ! ಮುಂದಿನ ಮೀಟಿಂಗಿನಲ್ಲಿ ಮರದ ಪರವಾಗಿ ಎರಡು ಮಾತಾಡುತ್ತೀರಲ್ಲವೇ?