ಪದ ಪರಿಚಯ: ರಾಜಕಾಲುವೆ

ರಾಜಕಾಲುವೆ (ನಾಮಪದ): ಕೆರೆಯಿಂದ ಕೆರೆಗೆ ಮಳೆನೀರನ್ನು ಸಾಗಿಸುವ ಹಿರಿಯ ಕಾಲುವೆ.

‘ಕಾಲುವೆ’ ಅಚ್ಚ ದ್ರಾವಿಡ ಪದ. ತಮಿಳಿನಲ್ಲಿ ‘ಕಾಲ್’, ‘ಕಾಲ್ವಾಯ್’, ತೆಲುಗಿನಲ್ಲಿ ‘ಕಾಲುವ’ ಎಂಬ ರೂಪಗಳಿವೆ. ‘ರಾಜ’ ಸಂಸ್ಕೃತದ್ದು. ರಾಜಬೀದಿ, ರಾಜಮಾರ್ಗಗಳಲ್ಲಿರುವಂತೆ ಇಲ್ಲಿಯೂ ಅದು ‘ಮುಖ್ಯವಾದ, ದೊಡ್ಡದಾದ’ ಎಂಬ ಅರ್ಥವನ್ನು ಕೊಡುತ್ತದೆ. ಹೊಲಗಳ ಸಣ್ಣ ಕಾಲುವೆಗಳ ನೀರು ಬಂದು ಸೇರುವುದು ಈ ಹಿರಿಗಾಲುವೆಗೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಕೆಳಗಿನ ಕೆರೆಗೆ ಇಳಿಯುವುದೂ ಇದರ ಮೂಲಕವೇ.

ಬೆಂಗಳೂರಿನಲ್ಲಿ ಈ ಪದದ ಅರ್ಥ ಕುಗ್ಗಿದೆ. ಹೊಲಗಳು ಬಡಾವಣೆಗಳಾದಂತೆ ಕಾಲುವೆಗೆ ಕಾಂಕ್ರೀಟ್ ಗೋಡೆ ಬಂತು, ಕೊಳಚೆ ಸೇರಿತು. ಇಂದು ‘ರಾಜಕಾಲುವೆ’ ಎಂದರೆ ಹಲವರಿಗೆ ದೊಡ್ಡ ಚರಂಡಿ, ಇಲ್ಲವೇ ಒತ್ತುವರಿ ತೆರವಿನ ಸುದ್ದಿ.

ಒಡೆತನದ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ, ಖಾಸಗಿ ಸ್ವತ್ತಲ್ಲದ ನದಿ, ಹಳ್ಳ, ಕೆರೆ, ಕಾಲುವೆಗಳು ರಾಜ್ಯ ಸರ್ಕಾರಕ್ಕೆ ಸೇರುತ್ತವೆ. ಪಹಣಿಯಲ್ಲಿ ಇಂಥ ಸಾರ್ವಜನಿಕ ಜಾಗ ‘ಬಿ ಖರಾಬು’ ಎಂದು ದಾಖಲಾಗುತ್ತದೆ. ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಮಾತ್ರ ವಿವಾದವಾಯಿತು: 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರಾಥಮಿಕ, ದ್ವಿತೀಯ, ತೃತೀಯ ಹಂತದ ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಮೀಸಲು ಪ್ರದೇಶ ವಿಧಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು.

ನೀರು ಒಣಗಿದ ಮಾತ್ರಕ್ಕೆ ರಾಜಕಾಲುವೆ ನಿವೇಶನವಾಗುವುದಿಲ್ಲ. ಮನೆ ಅಥವಾ ನಿವೇಶನ ಕೊಳ್ಳುವವರು ಕ್ರಯಪತ್ರದ ಜೊತೆಗೆ ಹಳೆಯ ಗ್ರಾಮನಕ್ಷೆಯನ್ನೂ ತಪ್ಪದೆ ನೋಡಬೇಕು.