ಕರುಳಿನ ಪೆಥಾಲಜಿ ವರದಿ: ಒಂದು ಸಾಲು ಬಿಟ್ಟರೆ ಏನಾಗುತ್ತದೆ?

ಎಂಡೋಸ್ಕೋಪಿಯಲ್ಲೋ ಶಸ್ತ್ರಚಿಕಿತ್ಸೆಯಲ್ಲೋ ತೆಗೆದ ಜಠರ, ಕರುಳಿನ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿ ಪೆಥಾಲಜಿಸ್ಟ್ ವರದಿ ಬರೆಯುತ್ತಾರೆ. ರೋಗಿ ಅವರ ಮುಖ ಕಾಣುವುದು ಅಪರೂಪ. ಆದರೂ ಯಾವ ಔಷಧ, ಎಷ್ಟು ತಿಂಗಳು, ಇನ್ನೊಂದು ಶಸ್ತ್ರಚಿಕಿತ್ಸೆ ಬೇಕೇ ಎಂಬುದೆಲ್ಲ ಬಹುಪಾಲು ಆ ಹಾಳೆಯನ್ನೇ ನೆಚ್ಚಿಕೊಂಡಿರುತ್ತದೆ. ರೋಗದ ಹೆಸರು ಸರಿಯಿದ್ದ ಮಾತ್ರಕ್ಕೆ ವರದಿ ಪೂರ್ಣವಾಗುವುದಿಲ್ಲ.

ಕ್ಷಯವೋ, ಕ್ರೋನ್ಸೋ?

ಭಾರತದಲ್ಲಿ ಇದು ನಿತ್ಯದ ತಲೆನೋವು. ಕರುಳಿನ ಕ್ಷಯ, ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಎರಡೂ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತವೆ. ಹೊಟ್ಟೆನೋವು, ಜ್ವರ, ತೂಕ ಇಳಿಯುವುದು ಎರಡರಲ್ಲೂ ಉಂಟು. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಕ್ಷಯರೋಗಿಯ ಹೊಟ್ಟೆಗೆ ಹೋದರೆ ಸೋಂಕು ಹರಡೀತು. ಹೀಗಿರುವಾಗ ‘ಗ್ರಾನ್ಯುಲೋಮಾ (ಉರಿಯೂತದ ಜೀವಕೋಶಗಳ ಗಂಟು) ಇದೆ’ ಎಂದಷ್ಟೇ ಬರೆದರೆ ವೈದ್ಯರು ಇದ್ದಲ್ಲೇ ಉಳಿಯುತ್ತಾರೆ. ಅವು ದೊಡ್ಡವಾಗಿ, ಅಂದರೆ 400 ಮೈಕ್ರಾನ್ ಮೀರಿ, ಒಂದಕ್ಕೊಂದು ಕೂಡಿಕೊಂಡು, ನಡುವೆ ಗಿಣ್ಣಿನಂತೆ ಕೊಳೆತಿದ್ದರೆ ಒಲವು ಕ್ಷಯದ ಕಡೆಗೆ. ಚಿಕ್ಕವಾಗಿ, ವಿರಳವಾಗಿ, ಬಿಡಿಬಿಡಿಯಾಗಿದ್ದರೆ ಕ್ರೋನ್ಸ್ ಕಡೆಗೆ. ಕ್ಷಯಾಣು ಬಣ್ಣಪರೀಕ್ಷೆ ಮಾಡಿದ್ದಾರೆಯೇ ಎಂಬುದೂ ವರದಿಯಲ್ಲಿರಬೇಕು. ಅದರಲ್ಲಿ ಕ್ಷಯಾಣು ಕಾಣದಿದ್ದರೂ ಕ್ಷಯ ಇಲ್ಲವೆಂದಾಗದು.

12ರ ಲೆಕ್ಕ

ದೊಡ್ಡಕರುಳಿನ ಕ್ಯಾನ್ಸರ್‌ಗಾಗಿ ಕತ್ತರಿಸಿ ತೆಗೆದ ಭಾಗದಲ್ಲಿ ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಬೇಕೆಂಬುದು ಜಗತ್ತಿನಾದ್ಯಂತ ಒಪ್ಪಿರುವ ಮಾನದಂಡ. ಒಂದು ಗ್ರಂಥಿಗೆ ಕ್ಯಾನ್ಸರ್ ಹಬ್ಬಿದ್ದರೂ ಅದು ಮೂರನೆಯ ಹಂತ. ಸಾಮಾನ್ಯವಾಗಿ ಕೀಮೋಥೆರಪಿ ಸೂಚಿಸುತ್ತಾರೆ. ಐದೇ ಗ್ರಂಥಿ ನೋಡಿ ‘ಎಲ್ಲವೂ ಶುದ್ಧ’ ಎನ್ನುವುದಕ್ಕೂ ಹದಿನೆಂಟು ನೋಡಿ ಹಾಗೆನ್ನುವುದಕ್ಕೂ ಅಜಗಜಾಂತರ. ಗ್ರಂಥಿಗಳು ಕೊಬ್ಬಿನಲ್ಲಿ ಹುದುಗಿರುತ್ತವೆ, ಎಷ್ಟೋ ಬಾರಿ ಐದು ಮಿಲಿಮೀಟರಿಗಿಂತ ಚಿಕ್ಕವು. ಬೆರಳ ತುದಿಯಿಂದ ತಡಕಿ ಹುಡುಕುವ ಆ ತಾಳ್ಮೆಯ ಕೆಲಸಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಗುದನಾಳದ ಕ್ಯಾನ್ಸರ್‌ನಲ್ಲಿ ಸುತ್ತಂಚಿನ ಅಂತರವೂ, ಅಂದರೆ ಕ್ಯಾನ್ಸರ್‌ನಿಂದ ಕತ್ತರಿಸಿದ ಹೊರ ಅಂಚಿಗಿರುವ ದೂರವೂ, ಅಷ್ಟೇ ಮುಖ್ಯ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫಿಲಿಪ್ ಕ್ವಿರ್ಕ್ ಮತ್ತು ಸಂಗಡಿಗರು ತೆಗೆದ ಭಾಗವನ್ನು ಅಡ್ಡಡ್ಡ ಹೋಳು ಮಾಡಿ ನೋಡಿ, ಈ ಅಂಚಿಗೆ ಕ್ಯಾನ್ಸರ್ ತಾಗಿದ್ದವರಲ್ಲಿ ರೋಗ ಅದೇ ಜಾಗದಲ್ಲಿ ಮರುಕಳಿಸುವುದನ್ನು 1986ರಲ್ಲಿ ತೋರಿಸಿದರು. ಈಗ ಅಂತರ 1 ಮಿಲಿಮೀಟರ್ ಅಥವಾ ಕಡಿಮೆಯಿದ್ದರೆ ಅಂಚಿಗೆ ಕ್ಯಾನ್ಸರ್ ತಾಗಿದೆ ಎಂದೇ ಎಣಿಸುತ್ತಾರೆ. ಶಸ್ತ್ರವೈದ್ಯರಿಗೆ ತಮ್ಮ ಕೆಲಸದ ಗುಣಮಟ್ಟ ತಿಳಿಯುವುದೂ ಇಲ್ಲಿಂದಲೇ.

ಪಟ್ಟಿಯ ರೂಪದ ವರದಿ

ಗ್ರಂಥಿಗಳ ಸಂಖ್ಯೆ, ಅಂಚು, ರಕ್ತನಾಳಕ್ಕೆ ಹಬ್ಬುವಿಕೆ ಇವಕ್ಕೆಲ್ಲ ಪ್ರತ್ಯೇಕ ಅಂಕಣಗಳಿದ್ದರೆ ಯಾವುದೂ ಮರೆತುಹೋಗದು. ಅನುಮಾನವಿದ್ದಲ್ಲಿ ಅದನ್ನು ಬಿಡಿಸಿ ಹೇಳಲು ಕೆಳಗೆ ನಾಲ್ಕು ಸಾಲಿನ ಜಾಗವೂ ಬೇಕು.

ಮನೆಯವರಿಗೂ ಸಂಬಂಧಿಸಿದ ಸಾಲು

ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ, ಡಿಎನ್‌ಎ ನಕಲಿನ ತಪ್ಪು ತಿದ್ದುವ ನಾಲ್ಕು ಪ್ರೋಟೀನುಗಳಲ್ಲಿ ಯಾವುದಾದರೂ ಗೆಡ್ಡೆಯಲ್ಲಿ ಕಾಣೆಯಾಗಿದ್ದರೆ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ವಂಶವಾಹಿ ದೋಷವಾದ ಲಿಂಚ್ ಸಿಂಡ್ರೋಮ್ ಇರಬಹುದು. ಎಂಎಲ್‌ಎಚ್1 ಇಲ್ಲದಿರುವುದು ಹೆಚ್ಚಾಗಿ ಆನುವಂಶಿಕವಲ್ಲ, ಹಾಗಾಗಿ ಮುಂದಿನ ಪರೀಕ್ಷೆ ಅಗತ್ಯ. ಲಿಂಚ್ ಖಚಿತವಾದರೆ ಒಡಹುಟ್ಟಿದವರು, ಮಕ್ಕಳು ಕೂಡ ತಪಾಸಣೆ ಮಾಡಿಸಿಕೊಳ್ಳಬೇಕು. ಈ ಪ್ರೋಟೀನು ಕಾಣೆಯಾದ ಗೆಡ್ಡೆ ದೇಹದಲ್ಲಿ ಹರಡಿದ್ದರೆ ಇಮ್ಯುನೊಥೆರಪಿ ಫಲಿಸುವ ಸಾಧ್ಯತೆಯೂ ಹೆಚ್ಚು.

ರೋಗಿಯ ಕಡೆಯಿಂದ

ಬಯಾಪ್ಸಿ ಜೊತೆ ಕಳಿಸುವ ಚೀಟಿಯಲ್ಲಿ ರೋಗಲಕ್ಷಣ, ನುಂಗುತ್ತಿರುವ ಔಷಧ, ಎಂಡೋಸ್ಕೋಪಿಯಲ್ಲಿ ಕಂಡದ್ದು ಇರದಿದ್ದರೆ ಪೆಥಾಲಜಿಸ್ಟ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವವರು ಹಾಳೆಯೊಂದನ್ನೇ ಒಯ್ಯದೆ, ಪ್ರಯೋಗಾಲಯದಿಂದ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಬೇಕು.